ಎಪ್ಪತ್ತೆರಡು

ಯಾರ ಕೈ ಹಿಡಿದರೂ ಸಂಘಮಿತ್ರಳ ಲೆಕ್ಕ ಒಂದೇ: ನಾಡಿ ನಿಮಿಷಕ್ಕೆ ಎಪ್ಪತ್ತೆರಡು. ನಾನು ಹಾಸ್ಟೆಲ್ ಮೆಟ್ಟಿಲನ್ನು ಮೂರು ಸಲ ಹತ್ತಿಳಿದು, ಏದುಸಿರು ಬಿಡುತ್ತ ಕೈ ಕೊಟ್ಟೆ. ಆಗಲೂ ಎಪ್ಪತ್ತೆರಡು! ಮೈಯೆಲ್ಲ ಉರಿದುಹೋಯಿತು.

"ಪುಸ್ತಕದಲ್ಲಿರೋ ನಂಬರ್ ಹೇಳ್ತೀಯೇನೇ? ಮನುಷ್ಯರ ಪ್ರಾಣ ಕಣೇ ಇದು!" ಎಂದು ರೇಗಿದೆ.

ರೇಗದೆ ಏನು ಮಾಡಲಿ? 2004ರಲ್ಲಿ ಚಿಕ್ಕಬಳ್ಳಾಪುರದ ನಮ್ಮ ನರ್ಸಿಂಗ್ ಸ್ಕೂಲಿನಲ್ಲಿ ಅನಸೂಯಮ್ಮ ಮೇಡಂ ಹೊಸ ಪದ್ಧತಿ ತಂದಿದ್ದರು. ಕಲಿತ ಹುಡುಗಿಯರೇ ಕಲಿಯದವರಿಗೆ ಹೇಳಿಕೊಡಬೇಕು. ಕ್ಲಾಸಿಗೆ ಮೊದಲಿಗಳಾದ ನನಗೆ ಶಿಡ್ಲಘಟ್ಟದ ಈ ಸಂಘಮಿತ್ರ ಗಂಟುಬಿದ್ದಿದ್ದಳು. ನಾಡಿ ಪರೀಕ್ಷೆಯಲ್ಲಿ ಅವಳು ಆಗಲೇ ಎರಡು ಸಲ ಫೇಲು. ಸೋಮವಾರವೂ ತಪ್ಪಿದರೆ ಮನೆಗೆ ಕಳಿಸುತ್ತಾರೆ.

ಅವಳು ಬೆರಳು ಚಾಚಿ ತೋರಿಸಿದಳು. ತುದಿಗಳು ಬಿಳಿಚಿಕೊಂಡು ಒರಟಾಗಿದ್ದವು. "ಚಿಕ್ಕವಳಿಂದ ಬಿಸಿನೀರಲ್ಲಿ ಕೈಯಿಟ್ಟು ರೇಷ್ಮೆಗೂಡು ಬಿಚ್ಚಿದೀನಲ್ಲ, ತುದಿಗೆ ಏನೂ ಗೊತ್ತಾಗಲ್ಲ ಕಣೇ ಕವಿತ."

ಅಯ್ಯೋ ಪಾಪ ಅನ್ನಿಸಿತು. ಜೊತೆಗೆ ಕುತೂಹಲ ತಡೆಯಲಾಗಲಿಲ್ಲ. "ಮತ್ತೆ ಆ ಕೂದಲಿನಂಥ ಎಳೆ ನಿಂಗೆ ಹೆಂಗೆ ಗೊತ್ತಾಗುತ್ತೆ?"

"ಬೆರಳಿನ ಮಧ್ಯದಲ್ಲಿ. ಒತ್ತಂಗಿಲ್ಲ, ಸುಮ್ನೆ ತಾಕಿಸ್ಕೊಂಡಿರ್ಬೇಕು. ಒತ್ತಿದ್ರೆ ಕಿತ್ತೋಗುತ್ತೆ."

"ಹಂಗೇ ಹಿಡಿ, ನೋಡಣ!"

ತುದಿ ಬಿಟ್ಟು, ಬೆರಳುಗಳ ನಡುಭಾಗವನ್ನು ನನ್ನ ಮಣಿಕಟ್ಟಿಗೆ ತಾಕಿಸಿ ಕಣ್ಣು ಮುಚ್ಚಿದಳು. "ಏಯ್, ಹೊಡ್ಕೊಳ್ತೈತೆ ಕಣೇ!" ಎಂದು ಕಿರುಚಿದಳು. ಆಮೇಲೆ ಅಡುಗೆಯ ಓಬಳಮ್ಮನವರ ಕೈಯನ್ನೂ ಬಿಡಲಿಲ್ಲ.

ಸೋಮವಾರ ವಾರ್ಡಿನಲ್ಲಿ ಕೊಂಡಮ್ಮ ಎಂಬ ಅಜ್ಜಿಯ ನಾಡಿ ಎಣಿಸಬೇಕಿತ್ತು. ಮೊದಲು ನಾನು. ಬಡಿತ ಎಲ್ಲೋ ತಪ್ಪಿದಂತಾಗಿ ಎಣಿಕೆ ಕೆಟ್ಟಿತು. ಮತ್ತೆ ಎಣಿಸುತ್ತೇನೆ ಎನ್ನಲು ಮೊದಲಿಗಳಿಗೆ ನಾಚಿಕೆ. ಚೀಟಿಯಲ್ಲಿ ಎಪ್ಪತ್ತೆರಡು ಎಂದು ಬರೆದುಕೊಟ್ಟೆ.

ಸಂಘಮಿತ್ರ ಪೂರ್ತಿ ಒಂದು ನಿಮಿಷ ಹಿಡಿದಳು. "ಐವತ್ತೆಂಟು, ಮೇಡಂ. ನಡುನಡುವೆ ಒಂದೊಂದು ತಪ್ಪುತ್ತೆ."

ಮೇಡಂ ನನ್ನ ಚೀಟಿ ನೋಡಿದರು, ಅವಳ ಬೆರಳು ನೋಡಿದರು. "ಹಿಡಿಯೋದೇ ತಪ್ಪು. ಈ ಸಲಾನೂ ಊಹೆ ಹೇಳ್ತೀಯಾ?" ಎಂದು ಕೆಂಪು ಪೆನ್ನು ತೆಗೆದರು. ಸಂಘಮಿತ್ರಳ ಕಣ್ಣು ತುಂಬಿತು.

ನಾನು ಮುಂದೆ ಬಂದೆ. "ಮೇಡಂ, ಊಹೆ ಬರೆದಿದ್ದು ನಾನು."

ಮೇಡಂ ಅಜ್ಜಿಯ ಕೈ ಹಿಡಿದು, ಗಡಿಯಾರ ನೋಡುತ್ತ ಒಂದು ನಿಮಿಷ ನಿಂತರು. ಡಾಕ್ಟರನ್ನು ಕರೆಯಲು ಹೇಳಿದರು. ಆಮೇಲೆ ನನ್ನ ಚೀಟಿಯನ್ನು ಹರಿದರು.

"ಸಂಘಮಿತ್ರ, ನೀನು ಪಾಸು. ಮುಂದಿನ ಸೋಮವಾರದೊಳಗೆ ಇವಳಿಗೆ ಹೇಳಿಕೊಡಮ್ಮ."

ಸಂಜೆ ಅವಳು ಹಾಸ್ಟೆಲ್ ಮೆಟ್ಟಿಲನ್ನು ಮೂರು ಸಲ ಹತ್ತಿಳಿದು ಬಂದು, ಏದುಸಿರು ಬಿಡುತ್ತ ನನ್ನ ಮುಂದೆ ಕೈ ಚಾಚಿದಳು.