ಎರಡು ಕಾರ್ಡಿನ ನಡುವಿನ ಬ್ರಿಜ್

ದೇಶಗಳ ಗಡಿ ಎಲ್ಲಿ ಹಾಯಬೇಕೆಂಬಂಥ ಪ್ರಶ್ನೆಗಳನ್ನು ದೊಡ್ಡವರು ಕೂತು ಬಗೆಹರಿಸುತ್ತಾರೆ. ಗದಗಿನ ಕಂಚಗಾರರ ಮನೆಯಲ್ಲಿ ಅದಕ್ಕಿಂತ ಗಹನವಾದ ಪ್ರಶ್ನೆಯೊಂದು ಎದ್ದಿತ್ತು: ಆಟದ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ಒಂದು ಸಾಕೋ, ಎರಡು ಬೇಕೋ? ಆ ಪ್ರಶ್ನೆಯ ಮೇಲೆ ನನ್ನ ಬದುಕು ನಿಂತಿತ್ತು.

ನಾನು ಒಂದು ಬ್ರಿಜ್. ಹೆಸರು ಕೇಳಿ ಹೊಳೆ, ಕಮಾನು ನೆನೆಯಬೇಡಿ. ಬೆರಳುದ್ದದ ಪಟ್ಟಿ, ಎರಡು ತುದಿಗೆ ಎರಡು ಬಾಯಿ. ಒಂದೇ ಕಂಪ್ಯೂಟರಿನಲ್ಲಿ ಕೂತ ಎರಡು ಕಾರ್ಡುಗಳನ್ನು ಜೋಡಿಸಿ, ಪರದೆಗೆ ಚಿತ್ರ ಬಿಡಿಸುವ ಕೆಲಸವನ್ನು ಅವು ಹಂಚಿಕೊಳ್ಳುವಂತೆ ಮಾಡುವುದು ನನ್ನ ಕಸುಬು. ಪರದೇಶದ ಕಾರ್ಖಾನೆಯಲ್ಲಿ ಹುಟ್ಟಿ, ಮದರ್‌ಬೋರ್ಡಿನ ಡಬ್ಬಿಯಲ್ಲಿ ಪುಕ್ಕಟೆಯಾಗಿ ಬಂದವನು. ನನ್ನಂಥವರಲ್ಲಿ ಹೆಚ್ಚಿನವರು ಡಬ್ಬಿಯಲ್ಲೇ ಮುದುಕರಾಗುತ್ತಾರೆ. ಲೋಕದ ಬಹುಪಾಲು ಜನಕ್ಕೆ ಒಂದೇ ಕಾರ್ಡು ಸಾಕು.

ನನ್ನನ್ನು ತಂದವರು ಪಲ್ಲವಿ ಮತ್ತು ಮೌನೇಶ, ಅಣ್ಣತಮ್ಮಂದಿರ ಮಕ್ಕಳು. ಅವರ ಅಪ್ಪಂದಿರು ಪಾತ್ರೆ ಅಂಗಡಿಯನ್ನು ಪಾಲು ಮಾಡಿಕೊಂಡು ಮಾತು ಬಿಟ್ಟಿದ್ದರು. ಮನೆಯ ನಡುವೆ ಗೋಡೆ ಎದ್ದಿತ್ತು. ಮಹಡಿಯ ಸಣ್ಣ ಕೋಣೆ ಮಾತ್ರ, ಯಾರಿಗೂ ಬೇಡವಾಗಿ, ಪಾಲಾಗದೆ ಉಳಿದಿತ್ತು. ಅಲ್ಲಿ ಇಬ್ಬರಿಗೂ ಅಜ್ಜನಾದ ಕಾಳಪ್ಪಜ್ಜನ ಮಂಚ, ಮಂಚದ ಎದುರಿಗೆ ಕಂಪ್ಯೂಟರು. ಎರಡು ಮನೆಗಳ ನಡುವೆ ಉಳಿದಿದ್ದ ಮಾತುಕತೆ ಈ ಇಬ್ಬರದೇ.

ಇಬ್ಬರೂ ಕೂಡಿ ದೊಡ್ಡ ಕಾರ್ಡು ಒಂದನ್ನೇ ತರುವುದೆಂದು ನಿಶ್ಚಯಿಸಿದ್ದರು. ಅಜ್ಜ ತಡೆದ.

“ಒಂದ ತಂದ್ರ ನಾಳೆ ಅದನ್ನ ಎರಡು ಹೋಳು ಹೆಂಗ ಮಾಡ್ತೀರಿ? ನಿಮ್ಮಪ್ಪಂದಿರು ಒಂದು ತಾಮ್ರದ ಹಂಡೇದ ಸಲುವಾಗಿ ಬಡಿದಾಡಿದ್ದು ಮರತ್ರೇನು? ಎರಡು ಸಣ್ಣವು ತಗೋರಿ. ಜಗಳಾದ್ರ ತಲಿಗೊಂದು ಹಿಡಕೊಂಡು ನಡೀರಿ.”

“ಅಜ್ಜಾ, ಇನ್ನೂ ತಂದ ಇಲ್ಲ, ಆಗ್ಲೇ ಪಾಲು ಮಾಡಾಕತ್ತಿ?” ಎಂದು ಪಲ್ಲವಿ ನಕ್ಕಳು.

“ಈ ಮನ್ಯಾಗ ಪಾಲು ಬಿಟ್ಟು ನಾ ಬ್ಯಾರೆ ಏನ ನೋಡೇನವಾ?”

ನಕ್ಕದ್ದು ನಕ್ಕರು, ಬಂದದ್ದು ಎರಡು. ಮೇಲಿನದು ಪಲ್ಲವಿಯದು, ಕೆಳಗಿನದು ಮೌನೇಶನದು, ನಡುವೆ ನಾನು. ಕಾರಿನ ಆಟ ಪಾಳಿಯ ಮೇಲೆ ನಡೆಯುತ್ತಿತ್ತು. ಒಬ್ಬರು ಓಡಿಸಿದರೆ ಇನ್ನೊಬ್ಬರು ಪಕ್ಕದಲ್ಲಿ ಕೂತು ತಪ್ಪು ಹಿಡಿಯುತ್ತಿದ್ದರು. “ಎಮ್ಮಿ ಹೊಡದಂಗ ಹೊಡೀಬ್ಯಾಡ, ಅಕ್ಕಾ!” ಅಜ್ಜ ಮಂಚದ ಮೇಲಿಂದ ಪಲ್ಟಿ ಹೊಡೆದ ಕಾರುಗಳಿಗೆ ಮರುಗುತ್ತಿದ್ದ. ಈ ಮನೆತನವನ್ನು ಹಿಡಿದಿಟ್ಟವನು ನಾನೇ ಎಂದು ನನಗೆ ಒಳಗೊಳಗೇ ಬಿಂಕ.

ಆಮೇಲೆ ಹೊಸ ಆಟ ಬಂತು. ಅದನ್ನು ಮಾಡಿದವರು ಜೋಡಿ ಕಾರ್ಡಿನ ಸಂಸಾರವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೇಲಿನ ಕಾರ್ಡು ಏದುಸಿರು ಬಿಟ್ಟು ದುಡಿಯಿತು, ಕೆಳಗಿನದು ಸುಮ್ಮನೆ ಕೂತಿತು. ಪರದೆಯ ಮೇಲೆ ಕಾರುಗಳು ತಡವರಿಸಿದವು.

ಮೌನೇಶನ ಮುಖ ಸಣ್ಣದಾಯಿತು. “ಅಂದ್ರ ಆಟ ನಡಿಯೂದು ನಿನ್ನ ಕಾರ್ಡಿನ ಮ್ಯಾಲ. ನಂದು ಜಾಗಾ ಹಿಡದು ಕುಂತೈತಿ, ಅಷ್ಟ.”

“ಹಂಗಾದ್ರ ನಿಂದ ಮ್ಯಾಲ ಹಾಕೂಣಲ್ಲೋ.”

“ಬ್ಯಾಡ. ನಂದು ನನಗ ಕೊಟ್ಟಬಿಡು.”

ಅಂದಿನಿಂದ ಅವನು ಮಹಡಿ ಹತ್ತಲಿಲ್ಲ. “ನಾ ಹೇಳಿದಂಗ ಆತು ನೋಡು,” ಎಂದ ಅಜ್ಜ. ಗೆದ್ದವನ ದನಿ ಅದಾಗಿರಲಿಲ್ಲ. ಖಾಲಿ ಕುರ್ಚಿಯ ಕಡೆ ನೋಡಿ ಗೋಡೆಗೆ ಹೊರಳಿ ಮಲಗಿದ.

ಪಲ್ಲವಿ ಕಂಪ್ಯೂಟರ್ ಬಿಚ್ಚಿದಳು. ಎರಡೂ ಕಾರ್ಡು ಕಿತ್ತು, ನನ್ನನ್ನೂ ಸೇರಿಸಿ ಚೀಲಕ್ಕೆ ಹಾಕಿಕೊಂಡು ಕೆಳಗಿಳಿದು, ಗೋಡೆ ಎದ್ದ ಮೇಲೆ ಅವಳ ಮನೆಯವರಾರೂ ತುಳಿಯದ ಹೊಸ್ತಿಲು ದಾಟಿದಳು. ಮೌನೇಶನ ತಾಯಿ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತರು.

“ಏಳೋ,” ಎಂದಳು ಒಳಗೆ ಕೂತಿದ್ದ ಮೌನೇಶನಿಗೆ. “ಇವೆರಡನ್ನೂ ಮಾರಿ ಒಂದ ದೊಡ್ಡದು ತರೂಣು.”

“ನಾಳೆ ಜಗಳಾದ್ರ?”

“ಆಗ್ಲಿ. ಒಂದ ಇದ್ರ ಜಗಳಾಡಾಕರೆ ಒಂದ ಕೋಣ್ಯಾಗ ಕೂಡಬೇಕಾಕ್ಕೈತಿ.”

ಮೌನೇಶ ಎದ್ದು ಚಪ್ಪಲಿ ಮೆಟ್ಟಿದ.

ಕಾರ್ಡುಗಳನ್ನು ಕೊಂಡ ಅಂಗಡಿಯವರು ನನ್ನನ್ನು ಬೇಡವೆಂದರು. ಹೊಸ ಕಾರ್ಡಿಗೆ ನನ್ನ ಬಾಯಿ ಕೂಡುವ ಹಲ್ಲೇ ಇಲ್ಲ. ಈಗ ಅಜ್ಜನ ಹಳೆಯ ಕನ್ನಡಕದ ಡಬ್ಬಿಯಲ್ಲಿ, ಒಂದು ಮುರಿದ ಬಾಚಣಿಗೆಯ ಜೊತೆ ಮಲಗಿದ್ದೇನೆ. ಯೋಚಿಸಲು ಬಿಡುವು ಬಹಳ. ಕೂಡಿಸುವುದು ನನ್ನ ಕಸುಬೆಂದು ಬೀಗಿದ್ದೆನಲ್ಲ, ಈ ಮನೆಯಲ್ಲಿ ನನಗೆ ಕೆಲಸ ಸಿಕ್ಕಿದ್ದೇ ಮುಂದೆ ಇಬ್ಬರೂ ಪಾಲು ಬಿಡಿಸಿಕೊಳ್ಳಲು ಅನುಕೂಲವಾಗಲೆಂದು.

ಮಹಡಿಯಲ್ಲಿ ಕಾರ್ಡು ಒಂದೇ ಇದೆ. ಸಂಜೆ ಇಬ್ಬರೂ ಬರುತ್ತಾರೆ, ಜಗಳಾಡುತ್ತಾರೆ.