ಸೋಮವಾರದ ತೀರ್ಪು

ಮಾರ್ಚ್ ಹನ್ನೊಂದು, ಸೋಮವಾರ, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯ ಊಟದ ಮೇಜಿನ ಮೇಲೆ ಫುಟ್‌ಬಾಲ್ ಮೈದಾನ ಸಿದ್ಧವಾಗಿತ್ತು. ತಪಾಸಣೆಯಲ್ಲಿ ನಪಾಸಾದ ಗಾಜುಗಳೇ ಆಟಗಾರರು. ಕಂದು ಬಣ್ಣದವು ಊರಿನ ತಂಡ, ಬಣ್ಣವಿಲ್ಲದವು ಎದುರಾಳಿಗಳು. ಉಪ್ಪಿನ ಡಬ್ಬಿಯ ಮುಚ್ಚಳ ಚೆಂಡು. ಊಟದ ಡಬ್ಬಿಗಳನ್ನೆಲ್ಲ ಕಿಟಕಿಯ ಕಟ್ಟೆಗೆ ಸರಿಸಿ, ಮೇಷ್ಟ್ರು ಕೈ ತೊಳೆದು ಬರುವುದನ್ನೇ ಎಲ್ಲರೂ ಕಾಯುತ್ತಿದ್ದರು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಗಾಜಿನ ದಪ್ಪ, ಬಾಗು ಅಳೆದು ಪಾಸು ನಪಾಸು ಅನ್ನುವುದು ಅವರ ಕೆಲಸ. ಭೌತಶಾಸ್ತ್ರದ ಪದವಿ ಇತ್ತು, ಮಾತು ಕಡಿಮೆ ಇತ್ತು. ಹೆಸರು ತಾನಾಗಿ ಅಂಟಿಕೊಂಡಿತ್ತು. ಭಾನುವಾರದ ಪಂದ್ಯದಲ್ಲಿ ಜಗಳಕ್ಕೆ ಕಾರಣವಾದ ತೀರ್ಪನ್ನು ಸೋಮವಾರ ಊಟದ ಹೊತ್ತಿನಲ್ಲಿ ಮತ್ತೆ ವಿಚಾರಣೆಗೆ ತರುವುದು ಅಲ್ಲಿನ ರೂಢಿ. ಯಾರು ಎಷ್ಟು ಬೇಕಾದರೂ ಕಿತ್ತಾಡಬಹುದು, ಕೊನೆಯ ಮಾತು ಮಾತ್ರ ಮೇಷ್ಟ್ರದು. ಸೋತ ಪಕ್ಷದವರು ಅವತ್ತು ಚಹಾದ ಲೋಟ ತೊಳೆಯಬೇಕು.

ಈ ಸಲ ಎರಡು ಪಕ್ಷಗಳೇ ಇರಲಿಲ್ಲ. ಪಂದ್ಯದ ಕೊನೆಯ ಗಳಿಗೆಯಲ್ಲಿ ಊರಿನ ತಂಡ ಹೊಡೆದ ಗೋಲನ್ನು, ಗೆರೆಯ ಪಕ್ಕ ಬಾವುಟ ಹಿಡಿದು ಓಡುವ ಲೈನ್ಸ್‌ಮನ್ ಆಫ್‌ಸೈಡ್ ಎಂದು ಅಳಿಸಿದ್ದ. ತಂಡ ಕೆಳಗಿನ ದರ್ಜೆಗೆ ಬಿದ್ದಿತ್ತು.

"ಅವನ ಕಣ್ಣು ಹಣೆ ಕೆಳಗಿತ್ತಾ, ಜೇಬಲ್ಲಿತ್ತಾ?" ಎಂದ ಪಾಲಿಷ್ ಯಂತ್ರದ ಹುಡುಗಾಟದ ಆಸಾಮಿ. ಮೂವತ್ತು ದಾಟಿದರೂ ಅವನನ್ನು ಎಲ್ಲರೂ ಚಿಕ್ಕೋನು ಎಂದೇ ಕರೆಯುತ್ತಿದ್ದರು.

"ಜೇಬಲ್ಲಿ ಬೇರೇನೋ ಇತ್ತು ಬಿಡು, ಕಣ್ಣಿಗೆ ಜಾಗ ಎಲ್ಲಿ?" ಎಂದ ಉಗ್ರಾಣದ ಕೆಲಸದ 'ಗೋಡೆ'. ಕಾರ್ಖಾನೆಯ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದಾಗ ಒಂದು ಚೆಂಡನ್ನೂ ತಡೆಯದೆ ಅವನು ಗಳಿಸಿದ ಬಿರುದು ಅದು.

"ಬಾಯಿಗೆ ಬಂದ ಹಾಗೆ ಅನ್ಬೇಡ್ರೋ. ಅವನಿಗೂ ಹೆಂಡ್ತಿ ಮಕ್ಕಳು ಇರ್ತಾರೆ," ಎಂದಳು ಫ್ರೇಮು ಜೋಡಿಸುವ ಅಕ್ಕ.

ಅವನಿಗೆ ಒಬ್ಬಳೇ ಮಗಳು, ಈಗಷ್ಟೇ ಅಕ್ಷರ ಕಲಿಯುತ್ತಿದ್ದಾಳೆ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು. ಆ ಲೈನ್ಸ್‌ಮನ್ ಅವರ ಹೆಂಡತಿಯ ತಮ್ಮ. ವಾರವೆಲ್ಲ ಔಷಧದ ಅಂಗಡಿಯಲ್ಲಿ ದುಡಿದು, ರಜೆಯ ದಿನ ಬಾವುಟ ಹಿಡಿಯುವವನು. ಕಾರ್ಖಾನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ತೀರ್ಪುಗಾರನ ಕುರ್ಚಿ ಯಾವತ್ತೋ ಹೋಗುತ್ತಿತ್ತು.

ಚಿಕ್ಕೋನು ಪಂದ್ಯದ ವಿಡಿಯೋ ನಿಲ್ಲಿಸಿದ್ದ ಫೋನನ್ನು ಅವರ ಮುಂದಿಟ್ಟ. ಜೊತೆಗಾರ ಚೆಂಡು ಒದೆಯುವ ಕ್ಷಣದಲ್ಲಿ ಫಾರ್ವರ್ಡ್ ಆಟಗಾರ ಎದುರಾಳಿಯ ಕೊನೆಯ ಡಿಫೆಂಡರ್‌ಗಿಂತ ಮುಂದಿದ್ದರೆ ಆಫ್‌ಸೈಡ್, ಸಮಕ್ಕಿದ್ದರೆ ಅಲ್ಲ. ಚಿತ್ರದಲ್ಲಿ ಇಬ್ಬರೂ ಸಮಕ್ಕಿದ್ದರು. ಆದರೆ ಚೆಂಡಿಗೂ ಒದೆಯುವವನ ಬೂಟಿಗೂ ನಡುವೆ ಉಗುರಿನಷ್ಟು ಹಸಿರು ಕಾಣುತ್ತಿತ್ತು. ಕಾಲು ಇನ್ನೂ ಬೀಸುತ್ತಲೇ ಇತ್ತು. ಮೇಷ್ಟ್ರಿಗೆ ಅದು ಕಂಡಿತು. ಮಾಪಕದ ಮುಳ್ಳು ನಿಲ್ಲುವ ಮೊದಲೇ ಅಳತೆ ಓದಿದವರನ್ನು ಅವರೇ ಎಷ್ಟೋ ಸಲ ಗದರಿದ್ದರು.

ಚಿತ್ರವನ್ನು ಸ್ವಲ್ಪ ಮುಂದಕ್ಕೆ ತಳ್ಳು ಎನ್ನಬೇಕಿತ್ತು. ತಳ್ಳಿದರೆ ತೀರ್ಪು ಭಾಮೈದನ ಕಡೆ ವಾಲಬಹುದು. ನಾಳೆ ನೆಂಟಸ್ತನ ಬಯಲಾದರೆ ಇವರೆಲ್ಲ ಏನನ್ನುತ್ತಾರೆ? ಸುತ್ತಲಿನ ಮುಖಗಳು ಬಾಗಿ ಕಾಯುತ್ತಿದ್ದವು. ಹಾಗೆ ಕಾಯಿಸುವುದರಲ್ಲಿ ಅವರಿಗೊಂದು ಸುಖವೂ ಇತ್ತು.

ಕಂದು ಗಾಜನ್ನು ಬಣ್ಣವಿಲ್ಲದ ಗಾಜಿನ ಪಕ್ಕಕ್ಕೆ ಸರಿಸಿ ಬೆರಳಿಟ್ಟರು. "ಸಮ. ಗೋಲು."

ಮೇಜು ಗುದ್ದಿದ ಸದ್ದಿಗೆ ಗಾಜುಗಳು ಕುಣಿದವು. ಅಷ್ಟಕ್ಕೇ ಬಿಡಬಹುದಿತ್ತು. "ಆ ಬಾವುಟದವನನ್ನ ನಮ್ಮಲ್ಲಿಗೆ ಕಳಿಸ್ರಪ್ಪ," ಎಂದರು ಮೇಷ್ಟ್ರು, "ಸೋಡಾ ಬಾಟಲಿ ತಳದಷ್ಟು ದಪ್ಪ ಗಾಜು ಹಾಕಿ ಕೊಡ್ತೀನಿ."

ಅವರು ಜೋಕು ಹೇಳಿದ್ದೇ ಅಪರೂಪ. ಗೋಡೆ ಕಣ್ಣೀರು ಬರುವಷ್ಟು ನಕ್ಕ. ಚಿಕ್ಕೋನು ಇನ್ನೊಂದು ಫೋನಿನಲ್ಲಿ ಎಲ್ಲವನ್ನೂ ಹಿಡಿದಿದ್ದ.

ಆ ವಿಡಿಯೋ ಅಭಿಮಾನಿಗಳ ಗುಂಪಿಗೆ ಬಿದ್ದು ಊರೆಲ್ಲ ಸುತ್ತಿತು. ಅದರಲ್ಲಿ ಮುಖವಿರಲಿಲ್ಲ, ಗಾಜು ಸರಿಸುವ ಕೈ, ಸೀಳಿದ ಹೆಬ್ಬೆರಳಿನ ಉಗುರು ಮಾತ್ರ. ದನಿಯ ಮೇಲೆ ಯಾರೋ ಸಂಗೀತ ಹಚ್ಚಿದ್ದರು. ಸೋಡಾ ಬಾಟಲಿಯ ಮಾತು ಅಕ್ಷರಗಳಲ್ಲಿ ಕೆಳಗೆ ಹರಿಯುತ್ತಿತ್ತು. ಬುಧವಾರ ಫುಟ್‌ಬಾಲ್ ಮಂಡಳಿ, ಆ ಬಾವುಟದ ಬಗ್ಗೆ ಶನಿವಾರ ವಿಚಾರಣೆ ಎಂದು ಘೋಷಿಸಿತು.

ಗುರುವಾರ ಸಂಜೆ ಭಾಮೈದ ಮೇಷ್ಟ್ರ ಮನೆಗೆ ಬಂದ. ಔಷಧದ ಅಂಗಡಿಯ ಕಟ್ಟೆಯ ಮೇಲೆ ಬೆಳಿಗ್ಗೆ ಯಾರೋ ಎರಡು ಸೋಡಾ ಬಾಟಲಿಯ ತಳ ಒಡೆದಿಟ್ಟು ಹೋಗಿದ್ದರಂತೆ. ಗುಡಿಸುವಾಗ ಅವನ ಅಂಗೈ ಕೊಯ್ದಿತ್ತು.

"ಯಾವನೋ ಮಾಡೋಕೆ ಕೆಲಸ ಇಲ್ಲದೋನು," ಎಂದಳು ಮೇಷ್ಟ್ರ ಹೆಂಡತಿ, ಗಂಡನ ತಟ್ಟೆಗೆ ಬಡಿಸುತ್ತಾ. "ಅವನ ಕೈ ಸೇದಿ ಹೋಗ. ಏನ್ರೀ, ನೀವೂ ಗಾಜಿನ ಕೆಲಸದೋರೇ ಅಲ್ವಾ, ಯಾರು ಅಂತ ವಿಚಾರಿಸೋಕಾಗಲ್ವಾ?"

ಮೇಷ್ಟ್ರು ತುತ್ತು ಕಲಸುತ್ತಲೇ ಇದ್ದರು.

"ಬಿಡಕ್ಕ," ಎಂದ ತಮ್ಮ. "ಯಾರಿಗೋ ಹಾಗೆ ಕಂಡಿರುತ್ತೆ."

ಅವನನ್ನು ಬೀಳ್ಕೊಡಲು ಮೇಷ್ಟ್ರು ಮೆಟ್ಟಿಲಿಳಿದು ಗೇಟಿನವರೆಗೆ ಹೋದರು. ಅವನು ಚಿಲಕದ ಮೇಲೆ ಕೈಯಿಟ್ಟು ನಿಂತ.

"ಭಾವ, ಹೆಬ್ಬೆರಳಿನ ಉಗುರು ಇನ್ನೂ ಕೂಡ್ಕೊಂಡಿಲ್ಲ ಅಲ್ವಾ?"

ಕಳೆದ ತಿಂಗಳು ಅವನ ಮನೆಗೆ ಬೀರು ಸಾಗಿಸುವಾಗ ಬಾಗಿಲಿಗೆ ಸಿಕ್ಕಿ ಸೀಳಿದ ಉಗುರು. ಬಟ್ಟೆ ಸುತ್ತಿದವನು ಅವನೇ. ಮೇಷ್ಟ್ರು ಕೈಯನ್ನು ಜೇಬಿಗಿಳಿಸಿದರು. ಇಳಿಸಿದ ಮೇಲೆ ಹೊರಗೆ ತೆಗೆಯುವುದು ಹೇಗೆಂದು ತಿಳಿಯಲಿಲ್ಲ.

"ಅಕ್ಕನಿಗೆ ಹೇಳಲ್ಲ ಬಿಡಿ. ಒಂದೇ ಒಂದು ಕೇಳ್ತೀನಿ. ನಿಮಗೆ ನಿಜವಾಗ್ಲೂ ಹಾಗೇ ಕಂಡಿತಾ?"

ಎದುರು ಮನೆಯ ದೀಪ ಹತ್ತಿತು. "ಹ್ಞೂಂ," ಎಂದರು ಮೇಷ್ಟ್ರು.

"ಸರಿ ಹಾಗಾದ್ರೆ." ಅವನ ಮುಖದಲ್ಲಿ ಸಿಟ್ಟಿನ ಬದಲು ಒಂಥರಾ ನಿರಾಳವಿತ್ತು. "ನನಗೂ ನಾಲ್ಕು ದಿನದಿಂದ ಅನುಮಾನ ಶುರುವಾಗಿತ್ತು. ನೀವು ಅಳೆಯೋರು, ಸುಮ್ಮನೆ ಹೇಳೋರಲ್ಲ. ಶನಿವಾರ ಹೋಗಿ, ನನ್ನದೇ ತಪ್ಪು ಅಂದ್ಬಿಡ್ತೀನಿ. ಬಾವುಟ ವಾಪಸ್ ಕೊಟ್ಟು ಬರ್ತೀನಿ."

ಅವನು ತಿರುವಿನಲ್ಲಿ ಮರೆಯಾಗುವವರೆಗೂ ಮೇಷ್ಟ್ರು ಗೇಟು ಹಿಡಿದೇ ನಿಂತಿದ್ದರು. ಕೂಗಿ ಕರೆಯಲು ಅಷ್ಟು ಹೊತ್ತು ಸಾಕಾಗಿತ್ತು.

ಶುಕ್ರವಾರ ಅವರು ಎಲ್ಲರಿಗಿಂತ ಮೊದಲೇ ಕೆಲಸಕ್ಕೆ ಬಂದರು. ತಪಾಸಣೆಯ ಕೋಣೆಯ ದೊಡ್ಡ ಪರದೆಗೆ ಪಂದ್ಯದ ವಿಡಿಯೋ ಹಾಕಿ, ಬೂಟು ಚೆಂಡಿಗೆ ತಾಗುವವರೆಗೆ ಒಂದೊಂದೇ ಚೌಕಟ್ಟು ಮುಂದೆ ಸರಿಸಿದರು. ತಾಗಿತು. ಅಷ್ಟರಲ್ಲಿ ಫಾರ್ವರ್ಡ್ ಮುಂದಕ್ಕೆ ಬಾಗಿದ್ದ, ಡಿಫೆಂಡರ್ ಹಿಂದೆ ಉಳಿದಿದ್ದ. ಮೈದಾನದ ಬಿಳಿ ಗೆರೆಗಳನ್ನೇ ಅಳತೆಗೋಲು ಮಾಡಿಕೊಂಡು, ಕ್ಯಾಮೆರಾದ ಓರೆಯನ್ನು ಲೆಕ್ಕಕ್ಕೆ ಹಿಡಿದು ಮತ್ತೆ ಮತ್ತೆ ಅಳೆದರು. ಪ್ರತಿ ಸಲವೂ ಬಾವುಟವೇ ಸರಿಯಾಗಿತ್ತು.

ಊಟದ ಹೊತ್ತಿಗೆ ಎಲ್ಲರನ್ನೂ ಪರದೆಯ ಮುಂದೆ ಕರೆದರು. "ಸೋಮವಾರ ನಾನು ಹೇಳಿದ್ದು ಸುಳ್ಳು. ಕಾಲು ಚೆಂಡಿಗೆ ತಾಗಿರಲಿಲ್ಲ. ನನಗದು ಕಂಡಿತ್ತು." ಪರದೆಯ ಕಡೆ ಕೈ ತೋರಿಸಿದರು. "ಆ ಲೈನ್ಸ್‌ಮನ್ ನನ್ನ ಹೆಂಡ್ತಿ ತಮ್ಮ."



"ಅಯ್ಯೋ, ಮೊದಲೇ ಹೇಳ್ಬಾರದಿತ್ತಾ ಮೇಷ್ಟ್ರೇ," ಎಂದ ಗೋಡೆ ಅಕ್ಕರೆಯಿಂದಲೇ. "ಮನೆಯೋರು ಅಂದ್ರೆ ನಾವೂ ಆಫ್‌ಸೈಡ್ ಅಂತಿದ್ವಿ. ಲೋಟ ನಾನೇ ತೊಳೀತಿದ್ದೆ."

ಒಂದಿಬ್ಬರು ನಕ್ಕರು. ಪರದೆಯ ಕಡೆ ಯಾರೂ ನೋಡಲಿಲ್ಲ.

"ನೆಂಟ ಅಂತ ಈಗ ಮಾತು ಬದಲಾಯಿಸ್ತಿದೀರಾ?" ಎಂದು ಫ್ರೇಮಿನ ಅಕ್ಕ ಮೆಲ್ಲಗೆ ಕೇಳಿದಳು.

"ನೆಂಟ ಅಂತಲೇ ಅವತ್ತು ಸುಳ್ಳು ಹೇಳಿದ್ದು."

ಅವಳು ಅವರ ಮುಖವನ್ನೇ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

"ಚಿಕ್ಕೋನೇ, ಇದನ್ನೂ ಹಿಡಿ," ಎಂದರು ಮೇಷ್ಟ್ರು. "ಮುಖ ಬರಲಿ. ಸಂಗೀತ ಬೇಡ. ನಾಳೆ ಮಂಡಳಿಯವರಿಗೂ ತೋರಿಸ್ಬೇಕು."

"ಊರೋರು ನಿಮ್ಮನ್ನ ಸುಮ್ನೆ ಬಿಡಲ್ಲ ಮೇಷ್ಟ್ರೇ."

"ಹಿಡಿ ನೀನು."

ಚಿಕ್ಕೋನು ಒಲ್ಲದ ಮನಸ್ಸಿನಿಂದ ಫೋನೆತ್ತಿದ. ಉಳಿದವರು ಒಬ್ಬೊಬ್ಬರಾಗಿ ಡಬ್ಬಿ ಮುಚ್ಚಿಕೊಂಡು ಯಂತ್ರಗಳ ಕಡೆ ಹೊರಟರು. ಎಲ್ಲಿಯೋ ಒಂದು ಉಜ್ಜುಗಲ್ಲು ತಿರುಗಲು ಶುರುವಾಯಿತು. ಮೇಷ್ಟ್ರು ಆ ಸದ್ದಿಗಿಂತ ದನಿಯೇರಿಸಿ ತಮ್ಮ ಹೆಸರು, ಕೆಲಸ, ನೆಂಟಸ್ತನ ಹೇಳಿದರು. ಆಮೇಲೆ ಸೀಳಿದ ಉಗುರಿನ ಬೆರಳನ್ನು ಪರದೆಯ ಮೇಲಿಟ್ಟು, ಚೆಂಡು ಒದೆದಾಗ ಫಾರ್ವರ್ಡ್‌ನ ಮೊಣಕಾಲು ಡಿಫೆಂಡರ್‌ನ ಹಿಮ್ಮಡಿಗಿಂತ ಎಷ್ಟು ಮುಂದಿತ್ತು ಎಂಬುದನ್ನು ಹೇಳಿದರು: ಮೂವತ್ತೊಂದು ಸೆಂಟಿಮೀಟರ್, ನಾಲ್ಕು ಆಚೀಚೆ ಆಗಬಹುದು.