ನೀರಿಗೆ ಹೋಗದ ಶಾಖ

ಟಕ್ ಟಕ್ ಟಕ್, ಹೊಸ ಪಂಪಿನ ಎಂಜಿನ್ನಿನ ಸದ್ದು ಒರಟು, ಆದರೆ ತಪ್ಪುತ್ತಿಲ್ಲ, ಹೊಸಹಳ್ಳಿಯ ಬಾವಿಕಟ್ಟೆಯ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ಸೀತಾ ಕಿವಿಗೊಡುತ್ತಾಳೆ, ಒಂದೊಂದು ಹೊಡೆತವೂ ತಾನು ಎಳೆದ ಗೆರೆಯ ಮೇಲೆಯೇ ನಡೆಯುತ್ತಿದೆ, ಗಾಳಿ ಒಳಗೆ, ಒತ್ತಡ, ಉರಿ, ಹೊಗೆ ಹೊರಗೆ — ಐವತ್ತೇಳರ ಮಳೆಗಾಲವೆಲ್ಲ ರಾಜಾಜಿನಗರದ ಕಾರ್ಖಾನೆಯ ನಕ್ಷೆ ಕೋಣೆಯಲ್ಲಿ ಸ್ಲೈಡ್ ರೂಲ್ ಜಾರಿಸುತ್ತ ಕೂತದ್ದು ಇದಕ್ಕೇ, ಪುಸ್ತಕದ ಎಂಜಿನ್ನಿನಲ್ಲಿ ಶಾಖ ಎಲ್ಲಿಗೂ ಸೋರುವುದಿಲ್ಲ, ನಿಜವಾದದ್ದರಲ್ಲಿ ಕಬ್ಬಿಣ ಕುಡಿಯುತ್ತದೆ, ಕಬ್ಬಿಣದ ಸುತ್ತಲಿನ ನೀರು ಕುಡಿಯುತ್ತದೆ, ಎಷ್ಟು ಎಂದು ಪಿಸ್ಟನ್ ಕೂದಲೆಳೆಯಷ್ಟು ಸರಿದಾಗಲೆಲ್ಲ ಲೆಕ್ಕ ಹಾಕಿದಳು, ಆಗ ಕಂಡಿತು, ಹಳೇ ಎಂಜಿನ್ನಿನಲ್ಲಿ ಸಿಲಿಂಡರಿನ ಪಕ್ಕಕ್ಕೆ ಎಣ್ಣೆ ಉರಿಯುವ ಗೂಡೇ ಶಾಖದ ಕಳ್ಳ, ಗೂಡು ಬೇಡ ಸಾರ್, ಪಿಸ್ಟನ್ ತಲೆಯಲ್ಲೇ ಒಂದು ಬಟ್ಟಲು ಕೊರೆದು ಅಲ್ಲೇ ಉರಿಸೋಣ, ಅಂದಳು, ಮುಖ್ಯ ಎಂಜಿನಿಯರ್ ಜಗನ್ನಾಥ ಕನ್ನಡಕ ಒರೆಸಿಕೊಂಡರು, ನಿಮ್ಮ ಎಂಜಿನ್ ಪೇಪರ್ ಮೇಲೆ ಚೆನ್ನಾಗಿ ಓಡತ್ತೆ, ಇದು ಕೆಟ್ಟರೆ ನಕ್ಷೆ ಕೋಣೆಗೆ ಇನ್ನು ಹೆಂಗಸರನ್ನ ತಗೊಳ್ಳಲ್ಲ ಅಂತಾರೆ ಮೇಲಿನವರು, ಯೋಚನೆ ಮಾಡಿ, ಮಾಡೇ ಹೇಳ್ತಾ ಇದೀನಿ ಸಾರ್, ಅಂದದ್ದು ತನ್ನ ದನಿಯೇ ಹೌದೇ, ಎಷ್ಟು ತಣ್ಣಗಿತ್ತು, ಅವರೂ ಹೊಸ ಪಿಸ್ಟನ್ನಿನ ಎರಕ ಹೊಯ್ಸಿಯೇಬಿಟ್ಟರು, ಈಗ ಬೇವಿನ ಮರದಡಿ ಎಣ್ಣೆ ಡಬ್ಬವನ್ನೇ ನೋಡುತ್ತಿದ್ದಾರೆ, ನಿನ್ನೆ ಹಳೇ ಎಂಜಿನ್ನು ಇಷ್ಟೇ ಎಣ್ಣೆ ಕುಡಿದು, ಕೊನೆಯ ಪಾತಿಗಳು ಒಣಗಿರುವಾಗಲೇ ಕೆಮ್ಮಿ ನಿಂತಿತ್ತು, ಇವತ್ತು ತೋಟದ ಯಜಮಾನ ಮುನಿವೆಂಕಟಪ್ಪ ಹುರುಳಿಕಾಯಿ ಸಾಲಿನ ತುದಿಯಿಂದ ಗುದ್ದಲಿ ಎತ್ತಿ ಕೂಗುತ್ತಾನೆ, ಎಲ್ಲಾ ತುಂಬ್ತು ಕಣವ್ವ, ಇನ್ನೂ ಓಡ್ತಾ ಐತೆ, ನೀರು ಎಲ್ಲಿಗ್ ಬಿಡ್ಲಿ, ಅಳಬಾರದು, ಇಲ್ಲಿ ಅಳಬಾರದು, ಅಷ್ಟರಲ್ಲಿ ಅವನ ಹೆಂಡತಿ ಹನುಮಕ್ಕ, ಎಂಜಿನ್ನಿನ ಮೈ ತಂಪು ಮಾಡಿ ಕೊಳವೆಯಿಂದ ಬೀಳುವ ನೀರಿಗೆ ಕೊಡ ಹಿಡಿದವಳು, ದಿನವೂ ಅದರಲ್ಲೇ ಮಕ್ಕಳನ್ನು ಮೀಯಿಸುವವಳು, ಮುಖ ಗಂಟಿಕ್ಕುತ್ತಾಳೆ, ಇದೇನವ್ವ ನಿನ್ನ ಎಂಜಿನ್ನು, ಹಳೇದ್ರ ನೀರಿಗೆ ಕೈ ಇಕ್ಕಂಗಿರ್ಲಿಲ್ಲ, ಇದ್ರಾಗೆ ನೀರೇ ಕಾಯಾಕಿಲ್ವಲ್ಲ, ಜಗನ್ನಾಥ ಥಟ್ಟನೆ ತಲೆ ಎತ್ತುತ್ತಾರೆ, ಸೀತಾಳ ಕಡೆ ನೋಡುತ್ತಾರೆ, ನಿಧಾನವಾಗಿ ನಗುತ್ತಾರೆ, ಕೇಳಿದ್ರಾ ಸೀತಾ, ದೂರು ಬಂತು, ಇಲ್ಲಿಯವರೆಗೆ ಹೆಸರು ಹಿಡಿದು ಕರೆದವರೇ ಅಲ್ಲ, ಸೀತಾ ಬಾವಿಕಟ್ಟೆ ಇಳಿದು ಕೊಳವೆಯ ಬಾಯಿಗೆ ಅಂಗೈ ಒಡ್ಡುತ್ತಾಳೆ, ಹಳೇದರಲ್ಲಿ ಈ ನೀರಿಗೆ ಸೋರುತ್ತಿದ್ದ ಬಿಸಿಯೆಲ್ಲ ಪಂಪು ತಿರುಗಿಸಿ ಅಲ್ಲಿ, ಪಾತಿಯ ತುದಿಯಲ್ಲಿ, ಕೆಸರಾಗಿ ಹೊಳೆಯುತ್ತಿದೆ, ಇಲ್ಲಿ ಬರೀ ನೀರು, ಬೆರಳ ಸಂದಿಯಲ್ಲಿ ನೀರು, ಬೆಚ್ಚಗೆ, ಬರೀ ಬೆಚ್ಚಗೆ